ಎಂಬಿಎ ಸಂದರ್ಶನದ ಹಿಂದಿನ ಕತೆ

ಜನವರಿ ಕಳೆಯುತ್ತಿದ್ದಂತೆ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಫೋನು ಮಾಡುತ್ತಾರೆ. "ಮಾಷ್ಟ್ರೇ, ಎಂಬಿಎಗೆ ಇಂಟರ್‌ವ್ಯೂ ಉಂಟು, ಏನು ಓದ್ಬೇಕು?" ನವೆಂಬರ್ ಕೊನೆಯಲ್ಲಿ ಐಐಎಂಗಳ ಕ್ಯಾಟ್ ಪರೀಕ್ಷೆ. ಅದರ ಫಲಿತಾಂಶ ಬಂದ ಮೇಲೆ ಸುಮಾರು ಏಪ್ರಿಲ್‌ವರೆಗೂ ಸಂದರ್ಶನಗಳ ಕಾಲ. ಕೇಳುವವರಿಗೆ ಬೇಕಾದದ್ದು ಪ್ರಶ್ನೆಗಳ ಪಟ್ಟಿ. ಅದು ಪೇಟೆಯ ಪುಸ್ತಕದಂಗಡಿಯಲ್ಲಿ ಸಿಗುತ್ತದೆ. ಈ ಸಂದರ್ಶನ ಎನ್ನುವುದು ನಮ್ಮ ದೇಶದ ಕಾಲೇಜುಗಳೊಳಗೆ ಹೇಗೆ ಬಂತು, ಅದರ ಮೇಲೆ ಯಾರು ಯಾಕೆ ಜಗಳಾಡಿದರು ಎನ್ನುವುದು ಮಾತ್ರ ಆ ಪುಸ್ತಕಗಳಲ್ಲಿ ಇರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಮೊದಲು ತಿಳಿಯಬೇಕಾದದ್ದು ಅದನ್ನೇ.

ಮೊದಲು ಶಬ್ದದ ವಿಷಯ. ಕನ್ನಡದಲ್ಲಿ ನಾವು ಇಂಟರ್‌ವ್ಯೂಗೆ 'ಸಂದರ್ಶನ' ಅನ್ನುತ್ತೇವೆ. ಪಕ್ಕದ ಮಲಯಾಳ ಡಿವಿಷನ್ನಿನ ಮಕ್ಕಳಿಗೆ ಸಂದರ್ಶನ ಎಂದರೆ ಯಾರದ್ದೋ ಮನೆಗೆ ಭೇಟಿ ಕೊಡುವುದು. ಇಂಟರ್‌ವ್ಯೂಗೆ ಅವರ ಮಾತು 'ಅಭಿಮುಖಂ'. ಎದುರುಬದುರು ಕೂರುವುದು ಎನ್ನುವ ಅರ್ಥದಲ್ಲಿ ಅವರ ಶಬ್ದವೇ ಹೆಚ್ಚು ಸರಿ ಎಂದು ನಮಗೆ ಕಾಣುತ್ತದೆ. ಇರಲಿ.

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಅದೇ ದಿನ ಆಚೆ ಕಡೆ ವಿಶಾಲ ಮೈಸೂರು ರಾಜ್ಯ ಹುಟ್ಟಿತು. ಆ ಹೊಸ ರಾಜ್ಯದಲ್ಲಿ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳು ಕಡಿಮೆ, ಕೇಳುವವರು ಹೆಚ್ಚು. ಯಾರಿಗೆ ಸೀಟು ಎಂಬ ಪ್ರಶ್ನೆ ಕೋರ್ಟು ಹತ್ತಿದ್ದು ಅಲ್ಲಿಂದಲೇ. 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೈಸೂರು ಸರಕಾರದ ಶೇಕಡಾ 68ರ ಮೀಸಲಾತಿ ಆದೇಶವನ್ನು ರದ್ದು ಮಾಡಿತು. ಇದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದರ ಬೆನ್ನಿಗೇ ಬಂದ ಇನ್ನೊಂದು ಮೊಕದ್ದಮೆಯನ್ನು ನೆನೆಯುವವರು ಕಡಿಮೆ. ಅದು ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ, 1964ನೇ ಇಸವಿಯದು.

1963ರಲ್ಲಿ ಮೈಸೂರು ಸರಕಾರ ಈ ಕಾಲೇಜುಗಳ ಆಯ್ಕೆಗೆ ಸಂದರ್ಶನವನ್ನು ಸೇರಿಸಿತು. ಆಯ್ಕೆಗೆ ಹಿಡಿಯುವ ಐಚ್ಛಿಕ ವಿಷಯಗಳ ಒಟ್ಟು ಅಂಕಗಳ ಶೇಕಡಾ 25ರಷ್ಟು ಸಂದರ್ಶನದ ಅಂಕ. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ಸಾಧನೆ, ಎನ್‌ಸಿಸಿ, ಆಟೋಟ, ನಾಟಕ, ಚರ್ಚಾಸ್ಪರ್ಧೆ ಎಲ್ಲವನ್ನೂ ನೋಡಿ ಸಮಿತಿ ಅಂಕ ಕೊಡಬೇಕು. ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ಪಡೆದೂ ಸೀಟು ಸಿಗದವರು ಕೋರ್ಟಿಗೆ ಹೋದರು. ಸಂದರ್ಶನ ದುರುಪಯೋಗವಾಗಬಹುದು, ಆದರೆ ಆ ಕಾರಣಕ್ಕೇ ಆ ವಿಧಾನ ತಪ್ಪಾಗುವುದಿಲ್ಲ ಎಂದು ನ್ಯಾಯಪೀಠದ ಬಹುಮತ ಹೇಳಿತು. ಹೀಗೆ ಕಾಲೇಜು ಪ್ರವೇಶದ ಸಂದರ್ಶನಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು ಮೈಸೂರು ರಾಜ್ಯದ ಒಂದು ಆದೇಶದಿಂದ.

ಮುಂದಿನ ಘಟ್ಟ ಮದರಾಸಿನದು, ಮತ್ತು ಅದರಲ್ಲಿ ನಮ್ಮ ಕರಾವಳಿಯವರೊಬ್ಬರ ಕೈ ಇದೆ. ತಮಿಳುನಾಡಿನ ವೈದ್ಯಕೀಯ ಕಾಲೇಜುಗಳಲ್ಲಿ ವಿಷಯಗಳಿಗೆ 200 ಅಂಕ, ಸಂದರ್ಶನಕ್ಕೆ 75. ಒಬ್ಬ ಅಭ್ಯರ್ಥಿಗೆ ಸರಾಸರಿ ಸುಮಾರು ಮೂರು ನಿಮಿಷ! ಮೂರು ನಿಮಿಷದಲ್ಲಿ ಹುಡುಗನ ದೇಹದಾರ್ಢ್ಯ, ಸಾಮಾನ್ಯ ಸಾಮರ್ಥ್ಯ, ವೈದ್ಯವೃತ್ತಿಯ ಒಲವು ಎಲ್ಲ ತಿಳಿಯಬೇಕು. ನಾವು ಒಂದು ತರಗತಿಯ ಹಾಜರಿ ಕರೆಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. 1970ರ ಪೆರಿಯಕರುಪ್ಪನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 275ರಲ್ಲಿ 75 ಅಂಕ ಮೇಲ್ನೋಟಕ್ಕೇ ಅತಿಯಾಯಿತು ಎಂದಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ಕಾರ್ಕಳ ತಾಲೂಕಿನವರು. 1973ರಲ್ಲಿ ಹಿರಿತನ ಮೀರಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟವರಲ್ಲಿ ಅವರೂ ಒಬ್ಬರು. ಆಮೇಲೆ ಲೋಕಸಭೆಯ ಸ್ಪೀಕರ್ ಆದರು. ಈಗ ನಿಟ್ಟೆಯಲ್ಲಿ ಅವರ ಹೆಸರಿನಲ್ಲಿ ಒಂದು ಎಂಬಿಎ ಸಂಸ್ಥೆಯೇ ಇದೆ. ನಮ್ಮ ಕಡೆಯ ಮಕ್ಕಳು ಅಲ್ಲಿಗೂ ಹೋಗುತ್ತಾರೆ. ಬಾಗಿಲ ಮೇಲಿನ ಹೆಸರಿನ ಹಿಂದೆ ಈ ಕತೆ ಇದೆ ಎಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ!

ಮೂರನೆಯದು ಕಾಶ್ಮೀರದ್ದು. ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬರವಣಿಗೆಗೆ 100 ಅಂಕ, ಮೌಖಿಕಕ್ಕೆ 50. ಇಲ್ಲೂ ಎರಡು ಮೂರು ನಿಮಿಷದ ಮಾತು. ಬರವಣಿಗೆಯಲ್ಲಿ ಹಿಂದಿದ್ದ ಕೆಲವರು ಮೌಖಿಕದಲ್ಲಿ ಬಹಳ ಮುಂದೆ ಹೋದರು, ಮುಂದಿದ್ದವರು ಬಿದ್ದರು. ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ, 1980ರ ನವೆಂಬರಿನಲ್ಲಿ, ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಇಂಥ ಪ್ರವೇಶಗಳಲ್ಲಿ ಸಂದರ್ಶನದ ಪಾಲು ಶೇಕಡಾ 15ನ್ನು ಮೀರಬಾರದು ಎಂದು ಬರೆದರು. ಸಂದರ್ಶನವನ್ನು ಟೇಪ್ ರೆಕಾರ್ಡ್ ಮಾಡಿದರೆ ಒಳ್ಳೆಯದು ಎಂದೂ ಸೂಚಿಸಿದರು. ನಮಗೆ ಬಹಳ ಮೆಚ್ಚುಗೆಯಾದ ಮಾತು ಅದು. ಕೋಣೆಯೊಳಗೆ ಏನು ನಡೆಯಿತು ಎನ್ನುವುದಕ್ಕೆ ಹುಡುಗನ ನೆನಪು ಬಿಟ್ಟರೆ ಬೇರೆ ಸಾಕ್ಷಿ ಬೇಕಲ್ಲ.

ಹಾಗಾದರೆ ಐಐಎಂಗಳಲ್ಲಿ ಏಕೆ ಸಂದರ್ಶನದ ಪಾಲು ಶೇಕಡಾ 15ಕ್ಕಿಂತ ಬಹಳ ಮೇಲೆ ಇರುತ್ತದೆ? ಇದನ್ನು ನಮ್ಮಲ್ಲಿ ಬುದ್ಧಿವಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರದ ಒಂದು ಎಳೆ 1981ರ ಲೀಲಾಧರ್ ತೀರ್ಪಿನಲ್ಲಿ ಸಿಗುತ್ತದೆ. ರಾಜಸ್ಥಾನದ ನ್ಯಾಯಾಂಗ ಸೇವೆಯ ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಹೇಳಿದ್ದರ ಸಾರ ಇಷ್ಟು: ವ್ಯಕ್ತಿತ್ವ ಇನ್ನೂ ಬಲಿಯದ ಎಳೆಯರನ್ನು ಆರಿಸುವಾಗ ಬರವಣಿಗೆಗೆ ಹೆಚ್ಚು ತೂಕ, ಪಕ್ವವಾದವರನ್ನು ಆರಿಸುವಾಗ ಸಂದರ್ಶನಕ್ಕೆ ಹೆಚ್ಚು ತೂಕ. ಎಂಬಿಎಗೆ ಬರುವವರು ಪದವಿ ಮುಗಿಸಿದವರು, ಅನೇಕರು ಎರಡು ಮೂರು ವರ್ಷ ಕೆಲಸ ಮಾಡಿದವರು. ವ್ಯವಹಾರ ನಡೆಸುವವನಿಗೆ ಎದುರಿನವರೊಡನೆ ಮಾತಾಡಲು ಬರಬೇಕು ಎನ್ನುವ ವಾದವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಮಾತು ಎಂದರೆ ಯಾವ ಭಾಷೆಯ ಮಾತು? ಅಲ್ಲಿ ನಮಗೆ ತಕರಾರು ಇದೆ. ದಿಲ್ಲಿಯ ಯುಪಿಎಸ್‌ಸಿಯಲ್ಲಿ, ಐಎಎಸ್ ಆಗಲು ಹೊರಟ ಹುಡುಗಿ ಕನ್ನಡದಲ್ಲೇ ಸಂದರ್ಶನ ಕೊಡಬಹುದು. ಕ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ, ಅದರ ನಂತರದ ಸಂದರ್ಶನವೂ ಇಂಗ್ಲಿಷಿನಲ್ಲಿ. ಜಿಲ್ಲೆ ಆಳಲು ಕನ್ನಡ ಸಾಕು, ಸೋಪು ಮಾರುವುದಕ್ಕೆ ಸಾಲದು!

ಈಗ ಈ ಸಂಸ್ಥೆಗಳ ಹುಟ್ಟಿನ ಬಗ್ಗೆ ಎರಡು ಮಾತು. ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ 1949ರದು, ಜೆಸ್ವಿಟ್ ಪಾದ್ರಿಗಳು ಕಟ್ಟಿದ್ದು. ಕಲ್ಕತ್ತಾ ಮತ್ತು ಅಹ್ಮದಾಬಾದಿನ ಐಐಎಂಗಳು 1961ರವು. ಅಹ್ಮದಾಬಾದಿನದಕ್ಕೆ ವಿಕ್ರಮ್ ಸಾರಾಭಾಯಿಯವರ ಶ್ರಮವೂ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ನೆರವೂ ಇತ್ತು. ಬೆಂಗಳೂರಿನದು 1973ರದು. ನಮ್ಮ ಪಾಲಿಗೆ ಹತ್ತಿರದ ಕೋಝಿಕ್ಕೋಡು 1996ರದು, ಕುಂದಮಂಗಲದ ಗುಡ್ಡದ ಮೇಲೆ ಇದೆ. ಕಾಸರಗೋಡಿನಿಂದ ಬೆಳಗ್ಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಈಗ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಐಐಎಂಗಳಿವೆ.

ಹಾರ್ವರ್ಡಿನಿಂದ ಬಂದ ಮುಖ್ಯ ವಸ್ತು ಕೇಸ್ ಪದ್ಧತಿ. ಒಂದು ಕಂಪನಿಯ ನಿಜ ಸಂಗತಿಯನ್ನು ಮುಂದಿಟ್ಟು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ತರಗತಿಯಲ್ಲಿ ಕೇಳುವುದು. ಸಂದರ್ಶನವೂ ಅದರ ಸಣ್ಣ ರೂಪವೇ. ಎದುರಿಗೆ ಇಬ್ಬರು ಮೂವರು ಪ್ರಾಧ್ಯಾಪಕರು, ಹದಿನೈದಿಪ್ಪತ್ತು ನಿಮಿಷ, ಒಂದು ಉತ್ತರದ ಬಾಲ ಹಿಡಿದು ಮುಂದಿನ ಪ್ರಶ್ನೆ.

ಬಹಳ ವರ್ಷ ಇದರ ಜೊತೆಗೆ ಗ್ರೂಪ್ ಡಿಸ್ಕಷನ್ ಎನ್ನುವುದೂ ಇತ್ತು. ಎಂಟು ಹತ್ತು ಮಂದಿಯನ್ನು ಮೇಜಿನ ಸುತ್ತ ಕೂರಿಸಿ ಒಂದು ವಿಷಯ ಕೊಡುವುದು. ಮೆತ್ತಗೆ ಮಾತಾಡುವ ನಮ್ಮ ಮಕ್ಕಳು ಅದರಲ್ಲಿ ಮುಳುಗಿಯೇ ಹೋಗುತ್ತಿದ್ದರು, ಹೊಸಂಗಡಿ ಮೀನು ಮಾರ್ಕೆಟ್ಟಿನಲ್ಲಿ ವ್ಯಾಕರಣ ಕಲಿಸಿದ ಹಾಗೆ. 2011-12ರ ಸುಮಾರಿಗೆ ಹಲವು ಐಐಎಂಗಳು ಅದನ್ನು ಬಿಟ್ಟು ಬರವಣಿಗೆಯ ಪರೀಕ್ಷೆ ತಂದವು. ಕೊಟ್ಟ ವಿಷಯದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಒಂದು ಪುಟ್ಟ ಪ್ರಬಂಧ. ಪ್ರಬಂಧ ಬರೆಸಿ ಬರೆಸಿ ಬೆಳೆಸಿದ ನಮ್ಮ ಶಾಲೆಗಳಿಗೆ ಇದು ಲಾಭವೇ. ಕನ್ನಡದಲ್ಲಿ ಒಂದು ವಿಚಾರವನ್ನು ಅಚ್ಚುಕಟ್ಟಾಗಿ ಜೋಡಿಸಲು ಬಂದವನಿಗೆ ಇಂಗ್ಲಿಷಿನಲ್ಲಿ ಜೋಡಿಸುವುದು ಒಂದು ವರ್ಷದ ಅಭ್ಯಾಸದ ಕೆಲಸ. ಯಾವ ಭಾಷೆಯಲ್ಲೂ ಜೋಡಿಸಲು ಬಾರದವನಿಗೆ ಕೋಚಿಂಗ್ ಸೆಂಟರು ಏನೂ ಮಾಡಲಾರದು.

ಇನ್ನೊಂದು ಬದಲಾವಣೆ ಮಾಹಿತಿ ಹಕ್ಕಿನಿಂದ ಬಂತು. 2005ರ ಕಾಯ್ದೆ ಬಂದ ಮೇಲೆ, 2007ರಲ್ಲಿ, ಸಂದರ್ಶನಕ್ಕೆ ಕರೆ ಬರದ ದೃಷ್ಟಿದೋಷವಿದ್ದ ವಿದ್ಯಾರ್ಥಿನಿಯೊಬ್ಬರು ಆಯ್ಕೆ ಹೇಗೆ ಮಾಡಿದಿರಿ ಎಂದು ಬೆಂಗಳೂರಿನ ಐಐಎಂ ಅನ್ನು ಕೇಳಿದರು. ಹತ್ತನೆಯ, ಹನ್ನೆರಡನೆಯ ತರಗತಿಯ ಅಂಕಗಳಿಗೂ ಅಲ್ಲಿ ತೂಕವಿದೆ ಎಂದು ಊರಿಗೆಲ್ಲ ಗೊತ್ತಾದದ್ದು ಆಗ. ಈಗ ಐಐಎಂಗಳು ಯಾವುದಕ್ಕೆ ಎಷ್ಟು ಪಾಲು ಎಂದು ತಾವೇ ಪ್ರಕಟಿಸುತ್ತವೆ. ಆದ್ದರಿಂದ ಹೈಸ್ಕೂಲಿನ ಹೆತ್ತವರಿಗೆ ಒಂದು ಮಾತು: ಎಸ್ಸೆಸ್ಸೆಲ್ಸಿ ಮತ್ತು ಪ್ಲಸ್ ಟುವಿನ ಅಂಕ ಆರೇಳು ವರ್ಷದ ಮೇಲೂ ಕೆಲಸಕ್ಕೆ ಬರುತ್ತದೆ. ಹಿಂದುಳಿದ ವರ್ಗದ ಶೇಕಡಾ 27 ಮೀಸಲಾತಿಯನ್ನು 2008ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಅದಕ್ಕೆ ಅರ್ಹರಾದವರು ಕೇಂದ್ರ ಸರಕಾರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಿಡಬೇಕು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದು, ಆಧಾರಿನಲ್ಲಿ ಇನ್ನೊಂದು ಎಂದಾದರೆ ಮೊದಲೇ ಸರಿಮಾಡಿಸಿ. ಕನ್ನಡ ಹೆಸರುಗಳನ್ನು ಮಲಯಾಳದ ಮೂಲಕ ಇಂಗ್ಲಿಷಿಗೆ ತಂದ ಅವಾಂತರ ನಮ್ಮಲ್ಲಿ ಮನೆಗೊಂದು ಇದೆ.

ಇನ್ನು ಕೋಣೆಯೊಳಗಿನ ಮಾತು. "ನಿಮ್ಮ ಊರಿನ ಬಗ್ಗೆ ಹೇಳಿ" ಎಂಬ ಪ್ರಶ್ನೆ ಹಲವರಿಗೆ ಬರುತ್ತದೆ. ಶಾಲೆಯಲ್ಲಿ ಒಮ್ಮೆ ಅಣಕು ಸಂದರ್ಶನ ನಡೆಸಿದಾಗ ಅಡಕೆ ತೋಟದ ಮನೆಯ ಹುಡುಗನೊಬ್ಬ "ನನ್ನದು ಕಾಸರಗೋಡಿನ ಹತ್ತಿರ ಒಂದು ಸಣ್ಣ ಹಳ್ಳಿ" ಎಂದು ಬಾಯಿಪಾಠದ ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾದ. ಅಡಕೆಗೆ ಈಗ ಕ್ರಯ ಎಷ್ಟು, ಅದನ್ನು ಯಾರು ನಿಗದಿ ಮಾಡುತ್ತಾರೆ ಎಂದು ಕೇಳಿದೆವು. ಕ್ರಯ ಗೊತ್ತಿತ್ತು, ಎರಡನೆಯದು ಗೊತ್ತಿರಲಿಲ್ಲ. ಅವನ ಮನೆಯ ಅಡಕೆ ಹೋಗುವುದು ಕ್ಯಾಂಪ್ಕೋಗೆ!

ಕ್ಯಾಂಪ್ಕೋ ಕತೆ ಯಾವ ಹಾರ್ವರ್ಡ್ ಕೇಸಿಗೂ ಕಡಿಮೆಯಲ್ಲ. 1970ರ ದಶಕದ ಆರಂಭದಲ್ಲಿ ಅಡಕೆ ಬೆಲೆ ಕುಸಿದು ಬೆಳೆಗಾರ ಕಂಗಾಲಾದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ ಮಂಗಳೂರಿನಲ್ಲಿ ಅದು ಹುಟ್ಟಿತು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರು. ಅಂದರೆ 1956ರಲ್ಲಿ ಎಳೆದ ಗಡಿಯನ್ನು ಅಡಕೆ ಒಪ್ಪಲಿಲ್ಲ. ಅದೇ ದಶಕದ ಕೊನೆಗೆ ಕೊಕ್ಕೋ ಬೆಲೆ ಬಿದ್ದು ಕೊಳ್ಳುವವರು ಹಿಂದೆ ಸರಿದಾಗ ಕ್ಯಾಂಪ್ಕೋ ಕೊಕ್ಕೋ ಖರೀದಿಗೂ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಲೆ ಬಿದ್ದಾಗ ಸಹಕಾರಿ ಸಂಘ ಮಾರುಕಟ್ಟೆಗೆ ಇಳಿಯುವುದು ಸರಿಯೇ, ನಷ್ಟವನ್ನು ಯಾರು ಹೊರಬೇಕು, ಕಚ್ಚಾ ಮಾಲು ಕೊಳ್ಳುವವ ಸಿದ್ಧ ವಸ್ತು ಮಾಡಲು ಹೊರಟರೆ ಏನೇನು ತೊಡಕು? ಪ್ರಾಧ್ಯಾಪಕರು ಕೇಳಬಹುದಾದ ಪ್ರಶ್ನೆಗಳೆಲ್ಲ ಹುಡುಗನ ಮನೆಯಂಗಳದಲ್ಲೇ ಒಣಗುತ್ತಿವೆ. ಅಮುಲ್‌ನ ವರ್ಗೀಸ್ ಕುರಿಯನ್ ಹುಟ್ಟಿದ್ದು ಕೋಝಿಕ್ಕೋಡಿನಲ್ಲಿ. ಸಹಕಾರಿ ಸಂಸ್ಥೆಗಳನ್ನು ನಡೆಸುವವರನ್ನು ತಯಾರು ಮಾಡಲೆಂದೇ ಅವರು 1979ರಲ್ಲಿ ಆನಂದದಲ್ಲಿ ಇರ್ಮಾ ಕಟ್ಟಿದರು. ಅಲ್ಲಿಗೆ ಅರ್ಜಿ ಹಾಕುವವರಂತೂ ಕ್ಯಾಂಪ್ಕೋ ತಿಳಿಯದೆ ಹೋಗಬಾರದು.

ಎಂಡೋಸಲ್ಫಾನ್ ಬಗ್ಗೆಯೂ ತಯಾರಾಗಿರಬೇಕು. ಕಾಸರಗೋಡು ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಅದು. ಸರಕಾರಿ ಒಡೆತನದ ತೋಟಗಾರಿಕಾ ನಿಗಮವೊಂದು ಗೇರು ತೋಟಗಳಿಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಸಿಂಪಡಿಸಿತು. 2011ರ ಮೇಯಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆಯಿತು. ಕಂಪನಿಯೊಂದರ ಹೊಣೆ ಎಲ್ಲಿಯವರೆಗೆ, ಇಳುವರಿಯ ಲೆಕ್ಕದಲ್ಲಿ ಪಕ್ಕದ ಮನೆಯ ಬಾವಿ ಬರುತ್ತದೆಯೇ ಎಂದು ಕೇಳಿದರೆ ಅಳುಮೋರೆ ಮಾಡದೆ, ಇಸವಿ ಸಮೇತ, ನಾಲ್ಕು ಸಣ್ಣ ವಾಕ್ಯಗಳಲ್ಲಿ ಹೇಳಲು ಬರಬೇಕು.

ಸಣ್ಣ ವಾಕ್ಯ ಎಂದದ್ದು ಬೇಕೆಂದೇ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸುವಾಗ ಉದ್ದ ವಾಕ್ಯದ ನಡುವೆ ಕ್ರಿಯಾಪದ ಕಳೆದುಹೋಗುತ್ತದೆ. ದಿನಕ್ಕೆ ಒಂದು ಪತ್ರಿಕಾ ವರದಿಯನ್ನು ಮೊದಲು ಕನ್ನಡದಲ್ಲಿ ಮನೆಯವರಿಗೆ ಹೇಳಿ, ಅದನ್ನೇ ಗೆಳೆಯನಿಗೆ ಇಂಗ್ಲಿಷಿನಲ್ಲಿ ಹೇಳುವುದು ಒಳ್ಳೆ ಅಭ್ಯಾಸ. ಪದವಿಯಲ್ಲಿ ಓದಿದ ವಿಷಯವನ್ನು ಮತ್ತೊಮ್ಮೆ ತಿರುವಿ. ಬಿಕಾಂ ಓದಿದವನಿಗೆ ಸವಕಳಿ ಏನೆಂದು ಗೊತ್ತಿಲ್ಲದಿದ್ದರೆ ಷೇಕ್ಸ್‌ಪಿಯರನ ಇಂಗ್ಲಿಷ್ ಇದ್ದೂ ಪ್ರಯೋಜನವಿಲ್ಲ. ಅರ್ಜಿಯಲ್ಲಿ ಹವ್ಯಾಸ ಯಕ್ಷಗಾನ ಎಂದು ಬರೆದಿದ್ದರೆ ತೆಂಕುತಿಟ್ಟು ಬಡಗುತಿಟ್ಟಿನ ವ್ಯತ್ಯಾಸವನ್ನು ಮರಾಠಿ ಪ್ರಾಧ್ಯಾಪಕರಿಗೂ ಅರ್ಥವಾಗುವಂತೆ ಎರಡು ನಿಮಿಷದಲ್ಲಿ ಹೇಳಲು ಕಲಿಯಿರಿ.

ಈ ವರ್ಷದ ಅಣಕು ಸಂದರ್ಶನ ಶಾಲೆಯ ಮೇಲಿನ ಕೋಣೆಯಲ್ಲಿ ಶನಿವಾರ ಮಧ್ಯಾಹ್ನಗಳಲ್ಲಿ ನಡೆಯುತ್ತದೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸುತ್ತೇವೆ. ಬರುವವರು ಅರ್ಜಿಯ ಒಂದು ಪ್ರತಿ ತರಬೇಕು.