ಕಾಳು ನದಿಯ ಪಾದರಸ

ಸಂಕಷ್ಟಿಗೆ ಟಿಟ್ವಾಳಾ ಗಣಪತಿಯ ದರ್ಶನಕ್ಕೆ ಹೊರಟ ನಾವು ಆಂಬಿವಲಿ ದಾಟಿದೊಡನೆ ಕಾಳು ನದಿಗೊಂದು ನಾಣ್ಯ ಎಸೆಯುವುದುಂಟು. ಅದರ ಚರಿತ್ರೆ ಬಲ್ಲವರು ಕಡಿಮೆ. ರೇಯಾನ್ ನೂಲಿಗೆ ಕಾಸ್ಟಿಕ್ ಸೋಡಾ ಬೇಕು. ಉಪ್ಪುನೀರಿನಿಂದ ಅದನ್ನು ತೆಗೆಯಲು ಆಗ ಪಾದರಸ ಬಳಸುತ್ತಿದ್ದರು. ಆಂಬಿವಲಿಯ ಕಾರ್ಖಾನೆಗಳ ಕೊಳೆನೀರಿನೊಡನೆ ಪಾದರಸ ನದಿಗಿಳಿದುದನ್ನು 1970ರ ದಶಕದಲ್ಲಿ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸಾಯನ್ಸ್‌ನ ಬಿ. ಸಿ. ಹಲ್ದಾರ್ ಅಭ್ಯಸಿಸಿದರು. ಜಪಾನಿನ ಮಿನಮಾಟದ ದುರಂತ 1956ರಲ್ಲೇ ಬೆಳಕಿಗೆ ಬಂದಿತ್ತು, ಇಲ್ಲಿ ಕೇಳಿದವರಾರು? ಕೆಸರಿನ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವಾಗಿಸುತ್ತವೆ. ಅದು ಸಣ್ಣ ಮೀನಿಗಿಂತ ಅದನ್ನು ನುಂಗುವ ದೊಡ್ಡ ಮೀನಿನಲ್ಲಿ, ನೀರುಹಕ್ಕಿಯಲ್ಲಿ ಹೆಚ್ಚುತ್ತದೆ. ಎಷ್ಟು ಕುದಿಸಿದರೂ ಹೋಗದು. ಅಲ್ಲಿಯ ರೇಯಾನ್ ಕಾರ್ಖಾನೆ 2009ರಲ್ಲಿ ಮುಚ್ಚಿತು. ತಳದ ಕೆಸರು ಸೇರಿದ ಪಾದರಸ ಮಾತ್ರ ತಾನಾಗಿ ನಾಶವಾಗುವಂಥದ್ದಲ್ಲ. ಪರೀಕ್ಷೆಯಾಗದ ಅಲ್ಲಿಯ ಮೀನು ಕೊಳ್ಳಲು ನಮಗಂತೂ ಧೈರ್ಯವಿಲ್ಲ.