ಸೇನೆ ಕೈಬಿಟ್ಟ ಜ್ಯಾಮರ್‌ಗಳು, ಸಂಸತ್ತು ಉಳಿಸಿದ ಜ್ಯಾಮರ್‌ಗಳು

ಬಾಂಬು ಹಾಕುವ ವಿಮಾನಕ್ಕೆ ಸೇನೆಯೊಳಗೆ ವಕೀಲರಿದ್ದಾರೆ, ಶತ್ರು ವಿಮಾನ ಹೊಡೆದುರುಳಿಸುವ ಫೈಟರ್‌ಗಂತೂ ಇನ್ನೂ ಹೆಚ್ಚು. ಶತ್ರುವಿನ ರಾಡಾರ್‌ಗೆ ಏನೂ ಕಾಣದಂತೆ, ಅವರ ರೇಡಿಯೊ ಮಾತು ಅವರಿಗೇ ಕೇಳದಂತೆ ಮಾಡುವ ಎಲೆಕ್ಟ್ರಾನಿಕ್ ಸಮರ ವಿಮಾನದ, ಅಂದರೆ ಜ್ಯಾಮರ್‌ನ, ಪರವಾಗಿ ಮಾತಾಡುವವರು ಕಡಿಮೆ. ಅದು ತನ್ನ ಕೆಲಸ ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಕ್ಷಿಪಣಿ ಹಾರುವುದಿಲ್ಲ, ಪೈಲಟ್ ಸಾಯುವುದಿಲ್ಲ. ಆಗದೇ ಹೋದ ಅನಾಹುತಕ್ಕೆ ಬಜೆಟ್ ಕೇಳುವುದು ಕಷ್ಟ. ಅಮೆರಿಕದಲ್ಲಿ ಕಳೆದ ಮೂರು ದಶಕಗಳಿಂದ ಈ ವಿಮಾನಗಳನ್ನು ಕತ್ತರಿಯಿಂದ ಪದೇ ಪದೇ ಪಾರುಮಾಡಿದ್ದು ಅಲ್ಲಿನ ಸಂಸತ್ತಾದ ಕಾಂಗ್ರೆಸ್.

ಇದು ಹೇಗೆ ಸಾಧ್ಯವಾಯಿತೆಂದು ನಮ್ಮವರಿಗೆ ಬಿಡಿಸಿ ಹೇಳಬೇಕು. ನಮ್ಮ ಸಂವಿಧಾನದ 113ನೇ ವಿಧಿಯ ಪ್ರಕಾರ ಲೋಕಸಭೆ ಸರ್ಕಾರದ ಅನುದಾನ ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿತ ಮಾಡಬಹುದು, ಹೆಚ್ಚಿಸುವಂತಿಲ್ಲ. ಅಮೆರಿಕದಲ್ಲಿ ಆ ಕಟ್ಟಿಲ್ಲ. ಅಧ್ಯಕ್ಷರ ಬಜೆಟ್ ಅಲ್ಲಿ ಒಂದು ಕೋರಿಕೆ ಅಷ್ಟೇ. ಎರಡೂ ಸದನಗಳ ಸಶಸ್ತ್ರ ಸೇವೆಗಳ ಸಮಿತಿಗಳು ರಕ್ಷಣಾ ಅಧಿಕಾರ ಮಸೂದೆ ಬರೆಯುತ್ತವೆ, ಅನುದಾನ ಸಮಿತಿಗಳು ಹಣ ಕೊಡುವ ಮಸೂದೆ ಬರೆಯುತ್ತವೆ. ಪೆಂಟಗನ್ ಕೇಳದ ವಿಮಾನವನ್ನೂ ಅದರಲ್ಲಿ ಸೇರಿಸಬಹುದು, ಪೆಂಟಗನ್ ನಿವೃತ್ತಿಗೊಳಿಸಲು ಹೊರಟ ವಿಮಾನವನ್ನು ತಡೆಹಿಡಿಯಲೂಬಹುದು. ಇದಕ್ಕೆ ಹೊಂದಿಕೊಂಡೇ ಸೇನಾ ಮುಖ್ಯಸ್ಥರು ಬಜೆಟ್‌ನಲ್ಲಿ ಜಾಗ ಸಿಗದ ಬೇಡಿಕೆಗಳ ಪಟ್ಟಿಯೊಂದನ್ನು ನೇರವಾಗಿ ಸಂಸತ್ತಿಗೆ ಕಳಿಸುತ್ತಾರೆ. ಜ್ಯಾಮರ್‌ಗಳ ಕತೆಯಲ್ಲಿ ಈ ಪಟ್ಟಿಯ ಪಾತ್ರ ದೊಡ್ಡದು.

ವಿಯೆಟ್ನಾಂನಲ್ಲಿ ಸೋವಿಯತ್ ಕ್ಷಿಪಣಿಗಳು ಅಮೆರಿಕದ ವಿಮಾನಗಳನ್ನು ಉರುಳಿಸತೊಡಗಿದಾಗ ಹಣದ ಚಿಂತೆಯಿರಲಿಲ್ಲ. ನಾಲ್ವರು ಸಿಬ್ಬಂದಿಯ ನೌಕಾಪಡೆ ವಿಮಾನ ಇಎ-6ಬಿ ಪ್ರೌಲರ್ 1971ರಲ್ಲಿ ಸೇವೆಗೆ ಬಂತು. ವಾಯುಪಡೆ 42 ಎಫ್-111 ವಿಮಾನಗಳನ್ನು ಇಎಫ್-111 ರೇವನ್ ಆಗಿ ಮಾರ್ಪಡಿಸಿತು. 1986ರ ಲಿಬಿಯಾ ದಾಳಿಯಲ್ಲೂ 1991ರ ಕೊಲ್ಲಿ ಯುದ್ಧದಲ್ಲೂ ಅವು ದುಡಿದವು. ಶೀತಲ ಸಮರ ಮುಗಿದದ್ದೇ ತಡ, ಉಳಿತಾಯದ ಲೆಕ್ಕ ಶುರುವಾಯಿತು. ರಾಡಾರ್‌ಗೆ ಸುಲಭವಾಗಿ ಕಾಣದ ಸ್ಟೆಲ್ತ್ ವಿಮಾನ ಬಂದ ಮೇಲೆ ಜ್ಯಾಮರ್ ಏಕೆ ಎಂಬ ನಂಬಿಕೆಯೂ ಅದಕ್ಕೆ ಜೊತೆಯಾಯಿತು. 1998ರಲ್ಲಿ ಕೊನೆಯ ರೇವನ್ ನಿವೃತ್ತಿಯಾಗಿ, ಎಲ್ಲ ಪಡೆಗಳ ದಾಳಿ ವಿಮಾನಗಳಿಗೆ ಮುದಿ ಪ್ರೌಲರ್ ಒಂದೇ ಗತಿಯಾಯಿತು. ಅದರ ಉತ್ಪಾದನೆಯೋ 1991ರಲ್ಲೇ ನಿಂತಿತ್ತು.

ಮರುವರ್ಷವೇ ಕೊಸೊವೊ. 78 ದಿನಗಳ ಆ ವಾಯುಯುದ್ಧದಲ್ಲಿ ಪ್ರೌಲರ್‌ಗಳು ಸಾಲದೇ ಹೋದವು. 1999ರ ಮಾರ್ಚ್ 27ರಂದು ಸರ್ಬಿಯಾದ ಹಳೆಯ ಕಾಲದ ಕ್ಷಿಪಣಿಯೊಂದು ಎಫ್-117 ಸ್ಟೆಲ್ತ್ ವಿಮಾನವನ್ನು ಕೆಡವಿತು. ಕಾಣದ ವಿಮಾನಕ್ಕೂ ಕಾವಲು ಬೇಕೆಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಆ ಹೊತ್ತಿನಲ್ಲಿ ವಾಷಿಂಗ್ಟನ್‌ನಲ್ಲಿ ದನಿಯೆತ್ತಿದವರು ಪೆನ್ಸಿಲ್ವೇನಿಯಾದ ಸಂಸದ ಜೋ ಪಿಟ್ಸ್. ವಿಯೆಟ್ನಾಂನಲ್ಲಿ ಬಿ-52ರೊಳಗೆ ಎಲೆಕ್ಟ್ರಾನಿಕ್ ಸಮರ ಅಧಿಕಾರಿಯಾಗಿ 116 ಸಲ ಹಾರಿದ್ದ ಇವರು ಈ ವಿಷಯಕ್ಕೆಂದೇ ಪ್ರತಿನಿಧಿಗಳ ಸಭೆಯಲ್ಲಿ ಒಂದು ಕಾರ್ಯತಂಡ ಕಟ್ಟಿದರು. ಅನುಭವಿಯೊಬ್ಬ ಸದನದಲ್ಲಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಅವರ ಜೊತೆಯಾದ ವಾಷಿಂಗ್ಟನ್ ರಾಜ್ಯದ ರಿಕ್ ಲಾರ್ಸನ್ ಅವರ ಕ್ಷೇತ್ರದಲ್ಲೇ ಜ್ಯಾಮರ್‌ಗಳ ನೆಲೆಯಾದ ವಿಡ್ಬಿ ದ್ವೀಪವಿದೆ. ಕಾಳಜಿಯೂ ಕ್ಷೇತ್ರದ ಹಿತವೂ ಇಲ್ಲಿ ಒಟ್ಟೊಟ್ಟಿಗೇ ನಡೆದಿವೆ; ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಪ್ರೌಲರ್‌ಗೆ ಉತ್ತರಾಧಿಕಾರಿಯಾಗಿ ಬೋಯಿಂಗ್‌ನ ಇಎ-18ಜಿ ಗ್ರೌಲರ್ 2006ರಲ್ಲಿ ಮೊದಲು ಹಾರಿತು. ನಾಲ್ವರ ಕೆಲಸ ಇಬ್ಬರ ಪಾಲಿಗೆ ಬಂತು. 2011ರಲ್ಲಿ ಲಿಬಿಯಾದಲ್ಲಿ ಅದರ ಮೊದಲ ಸಮರವೂ ಆಯಿತು. 138 ವಿಮಾನಕ್ಕೆ ಖರೀದಿ ಮುಗಿಸಲು ಪೆಂಟಗನ್ ಹೊರಟಿತ್ತು. 2015ನೇ ಹಣಕಾಸು ವರ್ಷದ ಬಜೆಟ್‌ನಲ್ಲಿ ಒಂದೇ ಒಂದು ಗ್ರೌಲರ್ ಇರಲಿಲ್ಲ. ನೌಕಾಪಡೆ ಸಂಸತ್ತಿಗೆ ನೇರವಾಗಿ ಕಳಿಸುವ ಆ ಪಟ್ಟಿಯಲ್ಲಿ 22 ಕೇಳಿತು. ಸಮಿತಿಗಳ ನಡುವೆ ತಿಂಗಳುಗಟ್ಟಲೆ ಎಳೆದಾಟ ನಡೆದು, ಕೊನೆಗೆ 15 ವಿಮಾನಗಳಿಗೆ ಸುಮಾರು 146 ಕೋಟಿ ಡಾಲರ್ ಸಿಕ್ಕಿತು. ಮುಂದಿನ ವರ್ಷ ಇನ್ನೂ ಏಳು. ಒಟ್ಟು 160ಕ್ಕೆ ನಿಂತಿತು. ಸೇಂಟ್ ಲೂಯಿಸ್‌ನ ಬೋಯಿಂಗ್ ಕಾರ್ಖಾನೆ ಮುಚ್ಚದಂತೆ ನೋಡಿಕೊಳ್ಳುವ ಒತ್ತಡ ಇದರಲ್ಲಿತ್ತು, ನಿಜ. ಆದರೂ ಈ 22 ವಿಮಾನಗಳ ನಿರ್ಧಾರ ಸರಿಯೇ ಆಗಿತ್ತೆಂದು ನನ್ನ ಗಟ್ಟಿ ಅಭಿಪ್ರಾಯ.

ಅದನ್ನು 2022 ತೋರಿಸಿಕೊಟ್ಟಿತು. ಆ ವರ್ಷದ ಮಾರ್ಚ್ 28ರಂದು ಬಂದ ಬಜೆಟ್ ಪ್ರಸ್ತಾವ ನೆಲದ ನೆಲೆಗಳಿಂದ ಹಾರುವ 25 ಗ್ರೌಲರ್‌ಗಳನ್ನು ಕೈಬಿಡುವ ಮಾತಾಡಿತು. ಅದೇ ದಿನ ಅದೇ ಪೆಂಟಗನ್, ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ಆರು ಗ್ರೌಲರ್‌ಗಳನ್ನು ಜರ್ಮನಿಯ ಸ್ಪಾಂಗ್‌ಡಾಲೆಮ್‌ಗೆ ಕಳಿಸುತ್ತಿರುವುದಾಗಿ ಪ್ರಕಟಿಸಿತು. ಹೋದದ್ದು ಕೂಡ ನೆಲದಿಂದ ಹಾರುವ ತಂಡವೇ. ಕಾಂಗ್ರೆಸ್ ಪ್ರಸ್ತಾವವನ್ನು ತಡೆದು, 2027ರ ಸೆಪ್ಟೆಂಬರ್‌ವರೆಗೆ ಸಂಖ್ಯೆ 158ಕ್ಕಿಂತ ಇಳಿಯಬಾರದೆಂದು ಕಾನೂನಿನಲ್ಲೇ ಬರೆಯಿತು.

ವಾಯುಪಡೆಯ ಕಡೆಯೂ ಇದೇ ರೀತಿ. ಅರಿಜೋನಾದ ಟೂಸಾನ್‌ನಲ್ಲಿರುವ ಇಸಿ-130ಎಚ್ ಕಂಪಾಸ್ ಕಾಲ್ ಶತ್ರುವಿನ ಸಂಪರ್ಕ ಜಾಲವನ್ನು ಕೆಡಿಸುವ ವಿಮಾನ. 2014ರಲ್ಲಿ ಅವುಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸುವ ಯೋಜನೆ ಬಂದಾಗ ಸಂಸತ್ತು ಅಡ್ಡಬಂತು. ಆಮೇಲೆ ಅದೇ ಉಪಕರಣವನ್ನು ಗಲ್ಫ್‌ಸ್ಟ್ರೀಮ್ ಜೆಟ್‌ಗೆ ವರ್ಗಾಯಿಸುವ ಕೆಲಸ ಶುರುವಾಯಿತು. ಇಎ-37ಬಿ ಎಂಬ ಹೆಸರಿನ ಆ ಹೊಸ ವಿಮಾನ 2024ರ ಆಗಸ್ಟ್‌ನಲ್ಲಿ ತರಬೇತಿಗೆಂದು ಟೂಸಾನ್ ತಲುಪಿತು.

ಆದರೆ ಸಂಸತ್ತಿನ ಈ ಉದಾರತೆಯಲ್ಲಿ ನನ್ನನ್ನು ಕಾಡುವ ಕೊರತೆಯೊಂದಿದೆ. ವಿಮಾನ ಕಣ್ಣಿಗೆ ಕಾಣುತ್ತದೆ, ಅದನ್ನು ಕಟ್ಟುವ ಕಾರ್ಖಾನೆ ಒಂದು ಕ್ಷೇತ್ರದಲ್ಲಿರುತ್ತದೆ. ಆದ್ದರಿಂದ ಅದಕ್ಕೆ ಮತ ಸಿಗುತ್ತದೆ. ರೆಕ್ಕೆಯಡಿ ತೂಗುವ ಜ್ಯಾಮರ್ ಪಾಡ್‌ಗೆ ಅಷ್ಟು ಬೆಂಬಲವಿಲ್ಲ. ಗ್ರೌಲರ್ ಹೊಸದಾದರೂ ಅದು ಹೊತ್ತು ತಿರುಗಿದ್ದು ಪ್ರೌಲರ್ ಕಾಲದ ಎಎಲ್‌ಕ್ಯೂ-99 ಪಾಡ್‌ಗಳನ್ನು. ರೇಥಿಯಾನ್‌ನ ಮಧ್ಯಮ ಆವರ್ತನದ ಹೊಸ ಜ್ಯಾಮರ್ ಅಭಿವೃದ್ಧಿಗೆ ದೊಡ್ಡ ಗುತ್ತಿಗೆ ಸಿಕ್ಕಿದ್ದು 2016ರಲ್ಲಿ, ಅದು ಯುದ್ಧನೌಕೆ ಅಬ್ರಹಾಂ ಲಿಂಕನ್ ಏರಿದ್ದು 2024ರಲ್ಲಿ. ಬಹಳ ದೂರದಿಂದಲೇ ವಿಮಾನ ಪತ್ತೆಹಚ್ಚುವ ರಾಡಾರ್‌ಗಳು ಕೆಲಸ ಮಾಡುವ ಕಡಿಮೆ ಆವರ್ತನದ ಭಾಗ ಇನ್ನೂ ಹಿಂದಿದೆ: 2020ರಲ್ಲಿ ಎಲ್3ಹ್ಯಾರಿಸ್‌ಗೆ ಕೊಟ್ಟ ಗುತ್ತಿಗೆಯನ್ನು ಪ್ರತಿಸ್ಪರ್ಧಿ ಪ್ರಶ್ನಿಸಿ ಗೆದ್ದಿತು, 2024ರಲ್ಲಿ ಮತ್ತೆ ಎಲ್3ಹ್ಯಾರಿಸ್‌ಗೇ ಗುತ್ತಿಗೆ ಹೋಯಿತು. ಆ ನಾಲ್ಕು ವರ್ಷಗಳ ನಡುವೆಯೇ ಗ್ರೌಲರ್‌ಗಳ ಸಂಖ್ಯೆ ಕಾಯಲು ಕಾನೂನು ಬಂತು. ಪಾಡ್‌ಗೆ ಅಂಥ ಕಾನೂನು ಬರಲಿಲ್ಲ.