ಸೇರು, ತೆಂಗಿನಕಾಯಿ ಮತ್ತು ಚಿತ್ರದ ಪಾಠ

ಡ್ರಾಯಿಂಗ್ ಮೇಷ್ಟ್ರ ಮೇಜಿನ ಮೇಲೆ ಕಾಣಿಸುತ್ತಿದ್ದ ಮರದ ಘನ, ಶಂಕು, ಸಿಲಿಂಡರುಗಳಿಗೂ ಒಂದು ವಂಶಾವಳಿಯುಂಟು. ಸ್ವಿಟ್ಜರ್ಲೆಂಡಿನ ಪೆಸ್ಟಲಾಟ್ಸಿ, ಮಗು ಅಕ್ಷರಕ್ಕೆ ಮುನ್ನ ರೇಖೆ ಚೌಕಗಳನ್ನು ಎಳೆಯಲಿ ಎಂದವನು. ಅವನ ಬಳಿಯಿದ್ದು ಬಂದ ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಯನ್ನು 'ಕಿಂಡರ್‌ಗಾರ್ಟನ್' ಎಂದು ಕರೆದನು; ಮಕ್ಕಳಿಗೆ ಮೊದಲು ಉಣ್ಣೆಯ ಚೆಂಡನ್ನೂ ಅನಂತರ ಮರದ ಗೋಲ, ಘನ, ಸಿಲಿಂಡರುಗಳನ್ನೂ ಕೊಟ್ಟನು. ಅವು ಕೈಯಲ್ಲಿ ಉರುಳಿಸಿ ಅರಿಯಬೇಕಾದ ಆಟಿಕೆಗಳು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನ ಚಿತ್ರಶಿಕ್ಷಣ ಇಂಥ ಆಕೃತಿಗಳನ್ನು ಇಪ್ಪತ್ತಮೂರು ಹಂತಗಳ ಕಟ್ಟುನಿಟ್ಟಾದ ಪಾಠಕ್ರಮದಲ್ಲಿ ಸೇರಿಸಿತು. ಮದರಾಸು, ಮುಂಬಯಿಗಳ ಕಲಾಶಾಲೆಗಳ ಮೂಲಕ ಅದರ ನೆರಳು ನಮ್ಮವರೆಗೂ ಬಿದ್ದಿತು. ಆಟಿಕೆ ಹೋಗಿ ಪರೀಕ್ಷೆ ಉಳಿಯಿತು.

ಈ ಪದ್ಧತಿಯನ್ನು ಒಪ್ಪದವನು ರಸ್ಕಿನ್. ಗಾಂಧೀಜಿಯವರ ಮೂಲಕ 'ಸರ್ವೋದಯ'ದ ಕರ್ತೃವೆಂದು ನಾವು ಬಲ್ಲ ಅದೇ ರಸ್ಕಿನ್. 1857ರ ತನ್ನ ಚಿತ್ರಪಾಠದ ಪುಸ್ತಕದಲ್ಲಿ ಆತ ಹೊಸಬನ ಮುಂದಿರಿಸಿದ್ದು ದಾರಿಯಲ್ಲಿ ಸಿಕ್ಕ ಒಂದು ಗುಂಡುಕಲ್ಲನ್ನು.

ಚಿಕ್ಕನಾಯಕನಹಳ್ಳಿಯ ಮಗುವಿಗೆ ಗುಂಡುಕಲ್ಲೂ ಬೇಡ. ಅಟ್ಟದ ಮೇಲೆ ಹನ್ನೊಂದು ಹನ್ನೆರಡು ತಿಂಗಳು ಕಾದ ಕಾಯಿಯೊಳಗೆ ನೀರಿಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲುಗಿಸಿದರೆ ಗುಡುಗುಡು ಸದ್ದು. ಗೋಲದೊಳಗೊಂದು ಗೋಲವಿದೆಯೆಂಬುದನ್ನು ಆ ಮಗು ಕಣ್ಣಿಗಿಂತ ಮೊದಲು ಕಿವಿಯಿಂದ ಬಲ್ಲದು. ಹಾಗಾಗಿ ಕಾಯಿಯನ್ನು ಬರೆಯೆಂದರೆ ಒಳಗಿನ ಕೊಬ್ಬರಿಯನ್ನೂ ಬರೆಯುತ್ತದೆ. ಇಂಥ ಚಿತ್ರದ ಮೇಲೆ ಕೆಂಪು ಶಾಯಿಯ ಅಡ್ಡಗೀಟನ್ನು ನಾನು ಕಂಡಿದ್ದೇನೆ. ಆ ಗೀಟು ಹೊಡೆದದ್ದು ತಪ್ಪನ್ನಲ್ಲ, ತಿಳಿವಳಿಕೆಯನ್ನು ಎಂದೇ ನನ್ನ ಭಾವನೆ. ಫ್ರಾನ್ಸಿನ ಲ್ಯೂಕೆ 1927ರ ತನ್ನ ಗ್ರಂಥದಲ್ಲಿ ಇದನ್ನೇ ವಿವರಿಸಿದ್ದಾನೆ: ಎಳೆಯ ಮಗು ಕಂಡದ್ದನ್ನಲ್ಲ, ಬಲ್ಲದ್ದನ್ನು ಬರೆಯುತ್ತದೆ, ಮನೆಯ ಗೋಡೆಯ ಆಚೆಗಿನ ಮನುಷ್ಯನೂ ಅದರ ಚಿತ್ರದಲ್ಲಿ ಕಾಣುತ್ತಾನೆ.

ಬಲ್ಲದ್ದರಿಂದ ಕಂಡದ್ದಕ್ಕೆ ಮಗುವನ್ನು ಕರೆತರುವುದು ಹೇಗೆ? ಕರಿಹಲಗೆಯ ಮೇಲೆ ಬರೆದು 'ನೋಡಿ ಬರೆಯಿರಿ' ಎಂದರೆ ಮಕ್ಕಳು ಮೇಷ್ಟ್ರ ಗೀಟನ್ನು ಕಲಿಯುತ್ತಾರೆಯೇ ಹೊರತು ವಸ್ತುವನ್ನಲ್ಲ. ಅದಕ್ಕಿಂತ ಮನೆಯ ಹಳೆಯ ಸೇರೊಂದು ಮೇಲು. ಅದರ ಬಾಯಿ ದುಂಡಗಿದೆಯೆಂದು ಬಲ್ಲ ಮಗು ಪೂರ್ಣ ವೃತ್ತವನ್ನೇ ಎಳೆದು, ತಳಕ್ಕೆ ನೆಟ್ಟಗಿನ ಗೀಟು ಹಾಕುತ್ತದೆ. ಸೇರನ್ನು ಅದರ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ: ಬಾಯಿ ಬರಿಯ ಗೆರೆ. ಮೆಲ್ಲಗೆ ಇಳಿಸಿರಿ: ಗೆರೆ ಹಿಗ್ಗಿ ಮೊಟ್ಟೆಯಾಕಾರ ತಾಳುತ್ತದೆ. ನೆಲಕ್ಕಿಟ್ಟು ನೇರ ಮೇಲಿನಿಂದ ಬಗ್ಗಿ ನೋಡಿದರೆ ಮತ್ತೆ ವೃತ್ತ. ಸೇರು ಬದಲಾಗಲಿಲ್ಲ, ನೋಡುವ ಎಡೆ ಬದಲಾಯಿತು. ಕಾಯಿಯಾದರೆ ಬಾಗಿಲ ಪಕ್ಕ, ಒಂದೇ ಕಡೆಯ ಬೆಳಕಿನಲ್ಲಿರಲಿ. ಗೆರೆಯ ಗೊಡವೆ ಬೇಡ. ಕತ್ತಲೆ ಎಲ್ಲಿ ಮೊದಲಾಗುತ್ತದೆಂದು ಇದ್ದಿಲಿನಿಂದ ತೀಡಿದರೆ ಸಾಕು, ಹಾಳೆಯ ಮೇಲಿನ ಚಪ್ಪಟೆ ಬಿಲ್ಲೆ ಉಬ್ಬುತ್ತದೆ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ, ಬರೆವಣಿಗೆಗೆ ಮುನ್ನ ಚಿತ್ರ ಕಲಿಸಬೇಕೆಂದಿದ್ದಾರೆ. ತಮ್ಮ ಅಕ್ಷರ ದುಂಡಗಿಲ್ಲವೆಂಬ ಕೊರಗು ಅದಕ್ಕೆ ಕಾರಣ. ಅಕ್ಷರ ದುಂಡಗಾಗಲೆಂದೇ ಚಿತ್ರವೆಂದರೆ ನನಗೆ ತುಸು ಕಸಿವಿಸಿಯೇ. ಆದರೆ ನಮ್ಮ ಕನ್ನಡದ ಅಕ್ಷರಗಳೂ ದುಂಡಗೇ ಇವೆಯಲ್ಲ; ಕಾಯಿ ಬರೆದ ಕೈ 'ಠ' ಬರೆಯಲು ಹೆದರಲಾರದು.